ಅಂಟಿಸಿದ ಅಟ್ಟೆ, ಹೊಲಿದ ಅಟ್ಟೆ: ಒಂದು ಟ್ರೆಕ್ಕಿಂಗ್ ಶೂ ಜೊತೆ ಹದಿಮೂರು ತಿಂಗಳು

ಏನು ಕೈಗೆ ಬಂದರೂ ಒಳಮಗ್ಗುಲು ತಿರುವಿ ಹೊಲಿಗೆ ನೋಡುವುದು ನನ್ನ ಚಟ. ಬೆಳಗಾವಿಯ ಶಹಾಪುರದಲ್ಲಿ ಇಪ್ಪತ್ತಾರು ವರ್ಷದಿಂದ ಹೊಲಿಗೆ ಕೆಲಸ ಮಾಡುತ್ತಿದ್ದೇನೆ, ಆ ಚಟ ಹೋಗುವಂಥದ್ದಲ್ಲ. ಹೋದ ವರ್ಷ ದೀಪಾವಳಿ ಮುಂದೆ ಟ್ರೆಕ್ಕಿಂಗ್ ಶೂ ಕೊಳ್ಳಲು ಹೋದಾಗ ಅಂಗಡಿಯಲ್ಲೂ ಅದನ್ನೇ ಮಾಡಿದೆ. ಲೇಸ್ ಬಿಚ್ಚಿ, ನಾಲಿಗೆ ಎಳೆದು, ಒಳಗೆ ಬೆರಳು ಆಡಿಸಿ, ಟೇಪು ತೆಗೆದು ಇಂಚಿಗೆ ಎಷ್ಟು ಟಾಕಾ ಬಿದ್ದಿವೆ ಎಂದು ಎಣಿಸುತ್ತ ಕೂತೆ. ಅಂಗಡಿ ಹುಡುಗ ಸ್ವಲ್ಪ ಹೊತ್ತು ನೋಡಿ, "ಅಕ್ಕಾರ, ಅದು ಶೂ ಐತ್ರಿ, ಜಂಪರ್ ಅಲ್ಲ" ಎಂದ.

ಹತ್ತು ಟಾಕಾ ಇದ್ದವು. ಒಪ್ಪುವಂಥ ಕೆಲಸ. ನಾನು ಎಣಿಸಿದ್ದು ಮೇಲಿನ ಬಟ್ಟೆಯನ್ನು. ನೆಲಕ್ಕೆ ತಾಗುವ ಕೆಳಗಿನ ಅಟ್ಟೆ ಕಡೆ ನೋಡಬೇಕೆಂದು ಆಗ ಹೊಳೆಯಲೇ ಇಲ್ಲ.

ಬೆಲೆ 3,999 ಎಂದು ಡಬ್ಬಿಯ ಮೇಲಿತ್ತು, ಹಬ್ಬದ ಆಫರಿನಲ್ಲಿ 2,899ಕ್ಕೆ ಬಂತು. ಕಂಪನಿ ಹೆಸರು ಬರೆಯುವುದಿಲ್ಲ. ಮೂರು ಸಾವಿರದ ಆಸುಪಾಸಿನಲ್ಲಿ ಸಿಗುವ ನಾಲ್ಕಾರು ಕಂಪನಿಗಳ ಶೂ ನಾನು ಆಮೇಲೆ ತಿರುವಿ ನೋಡಿದ್ದೇನೆ, ಎಲ್ಲವೂ ಒಂದೇ ಅಚ್ಚಿನಲ್ಲಿ ತೆಗೆದಂತೆ ಇವೆ. ಹಾಗಾಗಿ ಇದನ್ನು ಒಂದು ಶೂ ಬಗ್ಗೆ ಎನ್ನುವುದಕ್ಕಿಂತ ಆ ಬೆಲೆಯ ಶೂಗಳ ಬಗ್ಗೆ ಎಂದೇ ಓದಿಕೊಳ್ಳಿ.

ನನ್ನಂಥವಳಿಗೆ ಟ್ರೆಕ್ಕಿಂಗ್ ಶೂ ಯಾಕೆ ಬೇಕಾಯಿತು ಎಂದರೆ, ಕಾಲು ಊದುತ್ತಿದ್ದವು. ಮಷೀನಿನ ಮುಂದೆ ದಿನಕ್ಕೆ ಒಂಬತ್ತು ತಾಸು ಕೂತರೆ ಇನ್ನೇನಾಗುತ್ತದೆ. ಡಾಕ್ಟರು ನಡೆಯಿರಿ ಎಂದರು. ಕೋಟೆ ಕೆರೆಯ ಸುತ್ತ ಬೆಳಗ್ಗೆ ನಡೆಯಲು ಶುರು ಮಾಡಿದೆ. ಪ್ರಾಣಿಶಾಸ್ತ್ರ ಓದುತ್ತಿರುವ ನನ್ನ ತಂಗಿ ಮಗಳು ಒಂದು ತಿಂಗಳು ಅದನ್ನು ನೋಡಿ, "ದೊಡ್ಡವ್ವ, ಗಾಣದ ಎತ್ತಿನಂಗ ಎಷ್ಟಂತ ಕೆರಿ ಸುತ್ತತಿ? ಕಾಡಿಗೆ ಹೋಗೂಣು ನಡಿ" ಎಂದಳು. ನಲವತ್ತೆಂಟನೇ ವಯಸ್ಸಿಗೆ ಕಾಡು ಹತ್ತಿದ್ದು ಹೀಗೆ. ನಮ್ಮ ಓಣಿಯ ಇನ್ನೂ ಮೂವರು ಹೆಂಗಸರು ಜೊತೆಯಾದರು.

ಮೊದಲು ಹೋದದ್ದು ಜನವರಿಯಲ್ಲಿ ಧೂಪದಾಳಕ್ಕೆ. ಬೆಳಗಾವಿಯಿಂದ ಮೀರಜ್ ಕಡೆಯ ರೈಲು ಹಿಡಿದರೆ ಘಟಪ್ರಭಾ ಸ್ಟೇಷನ್‌ನಲ್ಲಿ ಇಳಿಯಬಹುದು. ಅಲ್ಲಿಂದ ನದಿಗೆ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಒಡ್ಡು ದೂರವಿಲ್ಲ. ಒಡ್ಡಿನ ಹಿಂದೆ ನಿಂತ ನೀರೇ ಘಟಪ್ರಭಾ ಪಕ್ಷಿಧಾಮ, 1974ರಲ್ಲಿ ಘೋಷಣೆಯಾದದ್ದು. ನೋಡಲು ದೊಡ್ಡ ಕೆರೆಯ ಹಾಗೆ ಇದೆ. ನಡುವೆ ನಡುಗಡ್ಡೆಗಳು, ದಂಡೆಗುಂಟ ಜಾಲಿ ಗಿಡ, ಅದರಾಚೆ ಕಬ್ಬು. ಚಳಿಗಾಲದಲ್ಲಿ ಇಲ್ಲಿಗೆ ಕರ್ಕರ ಕೊಕ್ಕರೆಗಳು ಮಧ್ಯ ಏಷ್ಯಾದಿಂದ ಹಿಮಾಲಯ ದಾಟಿ ಬರುತ್ತವೆ ಎಂದು ಹುಡುಗಿ ಹೇಳಿದಳು. ನಮ್ಮ ಕಣ್ಣಿಗೆ ಬಿದ್ದವು ಹನ್ನೊಂದು. ಬೂದು ಬಣ್ಣದ ರೇಷ್ಮೆಗೆ ಕಪ್ಪು ಪಟ್ಟಿ ಹಚ್ಚಿದ ಹಾಗೆ ಕುತ್ತಿಗೆ. ಆ ಬೂದು ಬಣ್ಣದ ಬಟ್ಟೆ ಎಲ್ಲಿಯಾದರೂ ಸಿಕ್ಕೀತೇ ಎಂದು ನಾನು ಇವತ್ತಿಗೂ ಹುಡುಕುತ್ತಿದ್ದೇನೆ.

ಅವತ್ತು ನೀರಿನ ದಂಡೆಗುಂಟ ಏಳೆಂಟು ಕಿಲೋಮೀಟರ್ ನಡೆದೆವು. ಶೂ ಮೇಲೆ ಒಂದೇ ಒಂದು ದೂರು ಇರಲಿಲ್ಲ. ಹಿಮ್ಮಡಿ ಗಟ್ಟಿಯಾಗಿ ಕೂತಿತ್ತು, ಬೆರಳಿನ ಮುಂದೆ ಹೆಬ್ಬೆರಳು ಅಡ್ಡ ಇಡುವಷ್ಟು ಜಾಗವಿತ್ತು. ಎರೆಮಣ್ಣು ಹಸಿ ಇದ್ದ ಕಡೆ ಮಾತ್ರ ತೊಂದರೆ. ಎರೆಯ ಗುಣ ಗೊತ್ತಲ್ಲ, ಹತ್ತು ಹೆಜ್ಜೆ ಹಾಕುವುದರಲ್ಲಿ ಒಂದೊಂದು ಕಾಲಿಗೆ ಒಂದೊಂದು ಕಿಲೋ. ಅಟ್ಟೆಯ ಹಲ್ಲುಗಳ ನಡುವಿನ ಸಂದು ಅಗಲವಿದ್ದರೆ ಮಣ್ಣು ತಾನೇ ಉದುರುತ್ತದೆ, ಇದರಲ್ಲಿ ಇಕ್ಕಟ್ಟು. ಜಾಲಿ ಕಡ್ಡಿಯಿಂದ ಕೆದರಿ ಕೆದರಿ ತೆಗೆಯಬೇಕಾಯಿತು. ಹಲ್ಲಿನ ಎತ್ತರ ಟೇಪಿನಲ್ಲಿ ಅಳೆದೆ, ಅರ್ಧ ಸೆಂಟಿಮೀಟರಿಗೆ ಒಂದು ಕೂದಲು ಕಡಿಮೆ. ಒಣ ಹಾದಿಗೆ ಅಷ್ಟು ಬೇಕಾದಷ್ಟಾಯಿತು.

ಇನ್ನೊಂದು, ಜಾಲಿಮುಳ್ಳು. ಅಟ್ಟೆ ತಡೆಯಿತು. ಆದರೆ ಪಕ್ಕದ ಜಾಳಿ ಬಟ್ಟೆಯಲ್ಲಿ ತೂರಿ ಕಿರುಬೆರಳಿಗೆ ಚುಚ್ಚಿತು. ಗಾಳಿ ಆಡಲಿ ಎಂದು ಜಾಳಿ ಇಟ್ಟಿರುತ್ತಾರೆ, ಸರಿ. ನಮ್ಮ ಬಯಲುಸೀಮೆಯ ಜಾಲಿ ಗಿಡ ನೋಡಿದವರು ಆ ಜಾಗಕ್ಕೆ ಒಂದು ಪಟ್ಟಿ ರೆಕ್ಸಿನ್ ಹಚ್ಚುತ್ತಿದ್ದರು.

ಮರಳುವಾಗ ಗೋಕಾಕ ಫಾಲ್ಸಿಗೂ ಹೋದೆವು. ಮಳೆಗಾಲದಲ್ಲಿ 171 ಅಡಿ ಮೇಲಿಂದ ಕೆಂಪಗೆ ಧುಮುಕುವ ನೀರು ಜನವರಿಯಲ್ಲಿ ನಾಲ್ಕು ಎಳೆ ದಾರ. ಆದರೆ ಆ ಹಾಸುಗಲ್ಲಿನ ಮೇಲೆ ಓಡಾಡುವಾಗ ಈ ರಬ್ಬರು ಒಣಬಂಡೆಯನ್ನು ಕಚ್ಚಿ ಹಿಡಿಯುತ್ತದೆ ಎನ್ನುವುದು ಖಾತ್ರಿಯಾಯಿತು. ಕರದಂಟು ಕಟ್ಟಿಸಿಕೊಂಡು ಮನೆಗೆ ಬಂದು ಶೂಗೆ ಐದರಲ್ಲಿ ಐದು ಕೊಟ್ಟೆ. ಅವತ್ತೇ ಬರೆದಿದ್ದರೆ ಈ ವಿಮರ್ಶೆ ಎಂಟು ಸಾಲಿನಲ್ಲಿ ಮುಗಿಯುತ್ತಿತ್ತು.

ಬೇಸಿಗೆಯಲ್ಲಿ ಲಗ್ನದ ಹೊಲಿಗೆ. ಎಲ್ಲಿಗೂ ಹೋಗಲಿಲ್ಲ. ಶೂ ಡಬ್ಬಿಯಲ್ಲಿ ಹಾಕಿ ಮೇಲಿನ ಪತ್ರಾಸಿನ, ಅಂದರೆ ತಗಡು ಹೊದಿಸಿದ, ಖೋಲಿಯಲ್ಲಿ ಇಟ್ಟುಬಿಟ್ಟೆ. ಇದನ್ನು ನೆನಪಿಡಿ, ಮುಂದೆ ಬರುತ್ತದೆ.

ಅಕ್ಟೋಬರಿನಲ್ಲಿ ಭೀಮಗಡ.

ಖಾನಾಪುರ ತಾಲೂಕಿನ ಈ ಕಾಡು ನಮಗೆ ಇಷ್ಟು ಹತ್ತಿರವಿದ್ದೂ ಬೆಳಗಾವಿಯ ಅರ್ಧ ಜನ ನೋಡಿಲ್ಲ. ವನ್ಯಜೀವಿಧಾಮ ಎಂದು ಘೋಷಣೆಯಾದದ್ದು 2011ರ ಡಿಸೆಂಬರಿನಲ್ಲಿ, ವಿಸ್ತೀರ್ಣ ಸುಮಾರು 190 ಚದರ ಕಿಲೋಮೀಟರ್. ಪಡುವಣಕ್ಕೆ ಗೋವೆಯ ಕಾಡು, ತೆಂಕಣಕ್ಕೆ ದಾಂಡೇಲಿಯ ಕಾಡು, ನಡುವೆ ಇದು. ಮನಬಂದಂತೆ ಒಳಗೆ ಹೋಗುವ ಹಾಗಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು, ಜೊತೆಗೆ ಅವರ ಕಡೆಯ ಒಬ್ಬರು ಇರಬೇಕು. ಮಳೆಗಾಲದಲ್ಲಿ ಜಲಪಾತಗಳ ಕಡೆ ಹೋಗಲು ನಿರ್ಬಂಧವೂ ಇರುತ್ತದೆ. ನಮ್ಮ ಜೊತೆ ಹೆಮ್ಮಡಗಾ ಕಡೆಯಿಂದ ಬಂದವರು ಒಬ್ಬ ವಾಚರ್ ಕಾಕಾ. ಮನೆಮಾತು ಮರಾಠಿ, ನಮ್ಮೊಂದಿಗೆ ಕನ್ನಡ, ಕಾಡಿನೊಂದಿಗೆ ಮಾತೇ ಇಲ್ಲ. ಕಾಲಿಗೆ ಮೊಣಕಾಲುದ್ದದ ಕರಿ ಗಂಬೂಟು.

ಬಯಲಿನವರಿಗೆ ಈ ಕಾಡಿನ ಮೊದಲ ಅರ್ಧ ತಾಸು ಕಣ್ಣಿಗೆ ಕತ್ತಲು ಕಟ್ಟಿದಂತೆ. ಮೇಲೆ ಎಲೆ, ಕೆಳಗೆ ಎಲೆ. ಮತ್ತಿ, ನೇರಳೆ, ಬಿದಿರು ಬಿಟ್ಟರೆ ನನಗೆ ಗುರುತು ಹತ್ತಿದ ಗಿಡಗಳು ಕಡಿಮೆ. ತಲೆಯ ಮೇಲೆ ಯಾರೋ ಹಳೇ ಬೆಡ್‌ಶೀಟ್ ಜಾಡಿಸಿದಂತೆ ಸದ್ದಾಯಿತು. ಮಂಗಟ್ಟೆ ಹಕ್ಕಿ ರೆಕ್ಕೆ ಬಡಿದದ್ದಂತೆ. ಕೊಂಬೆಯಿಂದ ಕೊಂಬೆಗೆ ಒಂದು ಕೆಂದಳಿಲು ಜಿಗಿಯಿತು, ಬಾಲವೇ ನನ್ನ ಕೈಯುದ್ದ. ಕಾಕಾ ಅದನ್ನು ಶೇಕರೂ ಎಂದರು.

ಹುಡುಗಿಗೆ ಮಾತ್ರ ಬಾವಲಿಯದೇ ಧ್ಯಾನ. ಈ ಕಾಡಿನ ಬಾರಾಪೇಡೆ ಗವಿಗಳಲ್ಲಿ ರಾಟನ್ ಬಾವಲಿ ಎನ್ನುವ ಒಂದು ಜಾತಿ ಇದೆ. ಜಗತ್ತಿಗೆ ಅದರ ಪರಿಚಯ ಆದದ್ದು 1913ರಲ್ಲಿ, ಇಲ್ಲಿಂದಲೇ. ಬಹಳ ಕಾಲ ಭೂಮಿಯ ಮೇಲೆ ಇದೊಂದೇ ಜಾಗದಲ್ಲಿ ಇದೆ ಎಂದು ತಿಳಿದಿದ್ದರು, ಆಮೇಲೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಸಿಕ್ಕಿತು. ಗವಿಯ ಹತ್ತಿರ ಹೋಗೋಣವೇ ಎಂದು ಅವಳು ಮೂರು ಸಲ ಕೇಳಿದಳು. ಕಾಕಾ ಮೂರು ಸಲವೂ ಒಂದೇ ಥರ ತಲೆ ಆಡಿಸಿದರು, ಇಲ್ಲ ಎಂದು. ಅವರು ಮಾಡಿದ್ದು ಸರಿಯೇ. ನಾವು ನಾಲ್ಕು ಜನ ಹೋಗಿ ಫೋಟೋ ಹೊಡೆದರೆ ನಲವತ್ತು ಜನ ಬರುತ್ತಾರೆ.

ಶೂ ವಿಷಯಕ್ಕೆ ಬರುತ್ತೇನೆ. ಮೊದಲ ಪರೀಕ್ಷೆ ರಕ್ತ ಹೀರುವ ಉಂಬಳದ್ದು, ಅದರಲ್ಲಿ ಶೂ ಗೆದ್ದಿತು. ಇದರ ನಾಲಿಗೆಯನ್ನು ಎರಡೂ ಮಗ್ಗುಲಿಗೆ ಬಟ್ಟೆ ಕೊಟ್ಟು ಮುಚ್ಚಿ ಹೊಲಿದಿದ್ದಾರೆ. ಜುಬ್ಬಾ ಹೊಲಿಯುವಾಗ ಕೈ ಎತ್ತಲು ಸಲೀಸಾಗಲಿ ಎಂದು ಕಂಕುಳಲ್ಲಿ ಒಂದು ಚೌಕ ತುಂಡು ಇಡುತ್ತೇವಲ್ಲ, ಅದೇ ಉಪಾಯ. ಲೇಸಿನ ಸಂದಿಯಿಂದ ಉಂಬಳ ಒಳಗೆ ಇಳಿಯಲು ದಾರಿಯೇ ಇಲ್ಲ. ಪಕ್ಕದ ಮನೆ ವೈನಿ ಹಾಕಿಕೊಂಡು ಬಂದಿದ್ದು ಸಾದಾ ವಾಕಿಂಗ್ ಶೂ, ನಾಲಿಗೆ ಎರಡೂ ಕಡೆ ಬಿಚ್ಚಿದ್ದು. ಅವರ ಕಾಲ್ಚೀಲದ ಒಳಗೆ ಏಳು ಸಿಕ್ಕವು. ನನಗೆ ಎರಡೇ, ಅವೂ ಮೇಲಿನಿಂದ ಸಲ್ವಾರದೊಳಗೆ ಬಂದವು. ಕೊಳ್ಳುವಾಗ ನಾಲಿಗೆ ಎತ್ತಿ ನೋಡಿ ಎಂದು ನಾನು ಎಲ್ಲರಿಗೂ ಹೇಳುವುದು ಈ ಕಾರಣಕ್ಕೆ. ಕಾಕಾ ಸಣ್ಣ ಬಟ್ಟೆ ಗಂಟಿನಲ್ಲಿ ಉಪ್ಪು ಮತ್ತು ತಂಬಾಕಿನ ಪುಡಿ ಇಟ್ಟುಕೊಂಡಿದ್ದರು, ಅದನ್ನು ತೇವ ಮಾಡಿ ಮುಟ್ಟಿಸಿದರೆ ಉಂಬಳ ಬಿದ್ದುಬಿಡುತ್ತಿತ್ತು.

ಎರಡನೆಯದು ಹಸಿಬಂಡೆ. ಇಲ್ಲಿ ಶೂ ಸೋತಿತು, ಅದೂ ನಾಚಿಕೆ ಬಿಟ್ಟು. ಗೋಕಾಕದ ಒಣಕಲ್ಲಿನ ಮೇಲೆ ಕಚ್ಚಿ ಹಿಡಿದಿದ್ದ ಅದೇ ರಬ್ಬರು ಇಲ್ಲಿ ಎಣ್ಣೆ ಸವರಿದ ತವೆಯ ಮೇಲಿನ ರೊಟ್ಟಿಯಂತೆ ಜಾರಿತು. ಇದರ ಕಾರಣ ಈಗ ಗೊತ್ತಾಗಿದೆ. ಬಹಳ ದಿನ ಸವೆಯಬಾರದೆಂದು ರಬ್ಬರನ್ನು ಗಡಸು ಮಾಡಿರುತ್ತಾರೆ. ಗಡಸು ರಬ್ಬರು ಹಸಿ ಕಲ್ಲಿನ ತಗ್ಗು ಉಬ್ಬಿಗೆ ಒತ್ತಿ ಕೂರುವುದಿಲ್ಲ. ಮೆದು ರಬ್ಬರು ಕೂರುತ್ತದೆ, ಆದರೆ ಬೇಗ ಸವೆಯುತ್ತದೆ. ಎರಡೂ ಬೇಕೆಂದರೆ ಮೂರು ಸಾವಿರದಲ್ಲಿ ಸಿಗುವುದಿಲ್ಲ. "ಬಾಯಿ, ಅಲ್ಲಿ ಕಾಲು ಇಡಬ್ಯಾಡ್ರಿ, ಶೇವಾಳ ಐತಿ" ಎಂದು ಕಾಕಾ ಹೇಳುವುದಕ್ಕೂ ನಾನು ಪಾಚಿಯ ಮೇಲೆ ಕೂರುವುದಕ್ಕೂ ಸರಿಹೋಯಿತು.

ಮೂರನೆಯದು ಹಳ್ಳ. ಮಹದಾಯಿಗೆ ಸೇರುವ ಒಂದು ಹಳ್ಳ, ಮೊಣಕಾಲಿನ ಕೆಳಗೆ ನೀರು. ಮಹದಾಯಿ ಹುಟ್ಟುವುದು ಇದೇ ತಾಲೂಕಿನ ದೇಗಾಂವದಲ್ಲಿ. ಹತ್ತಿರದ ಕಣಕುಂಬಿಯಲ್ಲಿ ನಮ್ಮ ಮಲಪ್ರಭಾ ಹುಟ್ಟುತ್ತಾಳೆ. ಒಂದು ಗುಡ್ಡದ ಸಾಲಿನ ಈಚೆ ಬಿದ್ದ ಮಳೆ ಕೂಡಲಸಂಗಮದಲ್ಲಿ ಕೃಷ್ಣೆ ಸೇರಿ ಮೂಡಣ ಸಮುದ್ರಕ್ಕೆ, ಆಚೆ ಬಿದ್ದದ್ದು ಗೋವೆ ಹಾದು ಪಡುವಣ ಸಮುದ್ರಕ್ಕೆ. ಶೂ ಬಿಚ್ಚಿ ಕೈಯಲ್ಲಿ ಹಿಡಿಯಬೇಕಿತ್ತು. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ವಾಟರ್‌ಪ್ರೂಫ್ ಎಂದು ಇತ್ತಲ್ಲ, ಹಾಗೇ ಇಳಿದೆ. ನೀರು ಹೊರಗಿನಿಂದ ಬರಲಿಲ್ಲ, ನಿಜ. ಗಿಣ್ಣಿನ ಮೇಲಿನಿಂದ ಸುರಿಯಿತು. ಮತ್ತು ಹೊರಗಿನ ನೀರನ್ನು ಒಳಗೆ ಬಿಡದ ಆ ಪದರವೇ ಒಳಗಿನ ನೀರನ್ನು ಹೊರಗೆ ಬಿಡಲಿಲ್ಲ. ಪ್ರತಿ ಹೆಜ್ಜೆಗೆ ಪಚಕ್ ಪಚಕ್. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದು ತೀರ್ಪು ಕೊಟ್ಟಿತಲ್ಲ, ನಾನು ಎರಡು ಶೂ ತುಂಬ ಹೊತ್ತು ತಂದದ್ದನ್ನು ಅದರಲ್ಲಿ ಹಿಡಿಯಬಾರದಾಗಿ ವಿನಂತಿ.

ಹಳ್ಳ ದಾಟಿ ಅರ್ಧ ಕಿಲೋಮೀಟರ್ ಹೋಗಿರಬೇಕು. ಬಲಗಾಲು ಒಂದು ಬೇರಿಗೆ ತಗುಲಿತು, ಬಾಯಿ ತೆರೆದ ಮೊಸಳೆಯಂತೆ ಮುಂದಿನ ಅಟ್ಟೆ ಕೆಳಗೆ ಬಿತ್ತು. ಬೆರಳಿನಿಂದ ನಡುಪಾದದವರೆಗೆ ಪೂರ್ತಿ. ಒಳಗೆ ನೋಡಿದರೆ ಒಂದೇ ಒಂದು ಟಾಕಾ ಇಲ್ಲ, ಬರೀ ಅಂಟು. ಅದು ಹಳದಿಯಾಗಿ ಒಣಗಿ ಹೊಪ್ಪಳೆ ಎದ್ದಂತೆ ಕಾಣುತ್ತಿತ್ತು. ಮೇಲಿನ ಬಟ್ಟೆಗೆ ಇಂಚಿಗೆ ಹತ್ತು ಟಾಕಾ ಹಾಕಿದವರು ಇಡೀ ಮೈ ಭಾರ ಹೊರುವ ಜಾಗಕ್ಕೆ ಒಂದೂ ಹಾಕಿರಲಿಲ್ಲ.

ನನ್ನ ಚೀಲದಲ್ಲಿ ಸೂಜಿ ದಾರ ಯಾವತ್ತೂ ಇರುತ್ತದೆ. ಎರಡು ಸೂಜಿ ಮುರಿದೆ. ಕಾಕಾ ಏನೂ ಹೇಳದೆ ತಮ್ಮ ಚೀಲದಿಂದ ಸುತಳಿ ತೆಗೆದು, ನನ್ನ ಪಾದವನ್ನು ತಮ್ಮ ಮೊಣಕಾಲ ಮೇಲೆ ಇಟ್ಟುಕೊಂಡು, ಬೆರಳಿನ ಹತ್ತಿರ ನಾಲ್ಕು ಸುತ್ತು, ನಡುಪಾದಕ್ಕೆ ಮೂರು ಸುತ್ತು ಹಾಕಿ ಮೇಲೆ ಗಂಟು ಬಿಗಿದರು. ನನಗೆ ಸಂಕೋಚವಾಗಿ, "ಬ್ಯಾಡ್ರಿ ಕಾಕಾ, ಕಾಲು" ಎಂದೆ. "ಕಾಡಿನ್ಯಾಗ ಕಾಲ ಏನು, ಕೈ ಏನು" ಎಂದರು. ಆಮೇಲಿನ ನಾಲ್ಕು ಕಿಲೋಮೀಟರ್‌ನಲ್ಲಿ ಒಂದು ಚೋದ್ಯ ಕಂಡೆ. ಸುತಳಿ ಸುತ್ತಿದ ಬಲಗಾಲು ಹಸಿಬಂಡೆಯ ಮೇಲೆ ಜಾರಲೇ ಇಲ್ಲ, ಸರಿಯಿದ್ದ ಎಡಗಾಲು ಜಾರುತ್ತಲೇ ಇತ್ತು. ಕೊನೆಗೆ ಕೇಳಿ ಅದಕ್ಕೂ ಸುತ್ತಿಸಿಕೊಂಡೆ. ಐದಾರು ರೂಪಾಯಿಯ ಸುತಳಿ 2,899ರ ಶೂಗೆ ನಡೆಯುವುದನ್ನು ಕಲಿಸಿತು.

ಮಧ್ಯಾಹ್ನ ಬುತ್ತಿ ಬಿಚ್ಚಿದೆವು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಜುಣಕದ ವಡಿ. ಕಾಕಾಗೂ ಕೊಟ್ಟೆವು. ರೊಟ್ಟಿ ಮುರಿಯುವ ಸದ್ದಿಗೆ ಒಂದು ಪ್ರಾಣಿ ಪೊದೆಯಿಂದ ಎದ್ದು ಹೋಯಿತು, ಕಾಡುಕುರಿ ಇರಬೇಕು ಎಂದರು.

ಊರಿಗೆ ಬಂದ ಮೇಲೆ ಶೂ ತೆಗೆದುಕೊಂಡು ಅಂಗಡಿಗೆ ಹೋದೆ. ವರ್ಷ ಆಗಿಲ್ಲ, ಬಿಲ್ಲು ಇದೆ. ಅಂಗಡಿಯವರು ಕಂಪನಿಯ ನಂಬರು ಕೊಟ್ಟರು. ಕಂಪನಿಯವರು ಫೋಟೋ ಕೇಳಿದರು. ಆರು ಫೋಟೋ ಕಳಿಸಿದೆ. ಎಂಟು ದಿನ ಬಿಟ್ಟು ಉತ್ತರ ಬಂತು: ಶೂವನ್ನು ನೀರಿನಲ್ಲಿ ಬಳಸಿರುವುದರಿಂದ ವಾರಂಟಿ ಅನ್ವಯಿಸುವುದಿಲ್ಲ. ಡಬ್ಬಿಯ ಮೇಲಿನ ವಾಟರ್‌ಪ್ರೂಫ್ ಅಕ್ಷರಗಳದೇ ಏಳನೇ ಫೋಟೋ ತೆಗೆದು ಕಳಿಸಿದೆ. ಅದಕ್ಕೆ ಉತ್ತರ ಇನ್ನೂ ಬರಬೇಕು. ಬ್ಲೌಸಿನ ಕಂಕುಳು ಬಿಟ್ಟಿತು ಎಂದು ಬಂದವರಿಗೆ "ನೀವು ಕೈ ಎತ್ತಿದ್ದೀರಿ" ಎಂದು ನಾನು ಹೇಳಿದರೆ ಶಹಾಪುರದಲ್ಲಿ ನನ್ನ ಅಂಗಡಿ ಇರುತ್ತದೆಯೇ?

ಇನ್ನು ಈ ವಿಮರ್ಶೆ ಬರೆಯಲು ಕಾರಣವಾದ ಭಾಗ. ಖಡೇಬಜಾರಿನ ಒಂದು ಮಗ್ಗುಲಲ್ಲಿ ಕೂರುವ ಚಪ್ಪಲಿ ಕೆಲಸದ ಕಾಕಾ ಒಬ್ಬರಿದ್ದಾರೆ. ಮೂಲ ಅಥಣಿ ಕಡೆಯವರು, ತಂದೆಯ ಕಾಲಕ್ಕೆ ಮನೆಯಲ್ಲಿ ಚಪ್ಪಲಿಯೇ ಕಸುಬು. ಜನ ಕೊಲ್ಹಾಪುರಿ ಎನ್ನುತ್ತಾರೆ, ಆದರೆ ಅದರಲ್ಲಿ ಬಹಳಷ್ಟು ಹುಟ್ಟುವುದು ನಮ್ಮ ಅಥಣಿ, ನಿಪ್ಪಾಣಿ ಕಡೆ. 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ನಾಲ್ಕು ಜಿಲ್ಲೆಗಳನ್ನೂ ಸೇರಿಸಿದ್ದಾರೆ, ಬೆಳಗಾವಿ ಬಾಗಲಕೋಟೆ ಎರಡೂ ಅದರಲ್ಲಿವೆ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲು, ತೊಗಲಿನ ದಾರದಿಂದಲೇ ಹೊಲಿಗೆ. ಮೊಳೆಯಿಲ್ಲ, ಅಂಟಿನ ಭರವಸೆಯಿಲ್ಲ.

ಕಾಕಾ ಶೂ ಕೈಗೆ ತೆಗೆದುಕೊಂಡು ಅಟ್ಟೆಯನ್ನು ಪೂರ್ತಿ ಬಗ್ಗಿಸಿ ನೋಡಿದರು. ಅಂಟನ್ನು ಉಗುರಿನಿಂದ ಕೆರೆದು ಮೂಸಿದರು.

"ಬ್ಯಾಸಗ್ಯಾಗ ಎಲ್ಲಿ ಇಟ್ಟಿದ್ರಿ ಅಕ್ಕಾರ?"

"ಮ್ಯಾಲ, ಪತ್ರಾಸಿನ ಖೋಲ್ಯಾಗ."

"ಮತ್ತ ನೀರಿಗೆ ಯಾಕ ಬೈತೀರಿ? ಅಂಟು ಅಲ್ಲೇ ಸತ್ತಿತ್ತು."

ಕಾದ ತಗಡಿನ ಕೆಳಗೆ ಮೂರು ತಿಂಗಳು ಬೆಂದ ಅಂಟಿಗೆ ಹಳ್ಳದ ನೀರು ನೆಪ ಮಾತ್ರ. ಹಾಗಾದರೆ ಅರ್ಧ ತಪ್ಪು ನನ್ನದು. ಉಳಿದರ್ಧ, ಬೇಸಿಗೆ ಇರುವ ನಾಡಿಗೆ ಅಂಟಿನ ಶೂ ಮಾರಿದವರದು. ಹುಡುಗಿ ಇನ್ನೊಂದು ಮಾತು ಹೇಳಿದಳು. ಕೆಲವು ಶೂಗಳ ಅಟ್ಟೆಯ ನಡುವಿನ ಮೆದು ಪದರ ಪಿಯು ಎನ್ನುವ ವಸ್ತುವಿನದಾಗಿರುತ್ತದೆ, ಅದು ಗಾಳಿಯ ತೇವ ಕುಡಿಯುತ್ತ ಕೆಲವು ವರ್ಷಕ್ಕೆ, ಬಳಸದೆ ಇಟ್ಟರೂ, ಪುಡಿಪುಡಿಯಾಗುತ್ತದೆ. ಇವಿಎ ಎಂಬುದಕ್ಕೆ ಆ ಕಾಟ ಇಲ್ಲ. ನನ್ನದು ಇವಿಎ, ಬಚಾವು. ಅಂಗಡಿಯಲ್ಲಿ ಇದನ್ನು ಕೇಳಿ. ಹಳೆ ದಾಸ್ತಾನು ಅರ್ಧ ಬೆಲೆಗೆ ಕೊಡುತ್ತೇವೆ ಎಂದರೆ ಎರಡು ಸಲ ಕೇಳಿ.

ಹೊಲಿಯುವುದನ್ನು ನಾನು ಪಕ್ಕದಲ್ಲಿ ಮಣೆ ಹಾಕಿಕೊಂಡು ನೋಡಿದೆ. ಮೊದಲು ಹಳೆ ಅಂಟನ್ನೆಲ್ಲ ಅರದಿಂದ ಉಜ್ಜಿ ತೆಗೆದು ಎರಡೂ ಮೈಯನ್ನು ಒರಟು ಮಾಡಿದರು. ಎರಡೂ ಕಡೆ ಸೊಲ್ಯೂಷನ್ ತೆಳ್ಳಗೆ ಸವರಿ, ಹಾಗೇ ಬಿಟ್ಟು, ಬೀಡಿ ಹಚ್ಚಿದರು. ನಾನು ಅವಸರ ಮಾಡಿದರೆ, ಬೆರಳಿಗೆ ಹತ್ತದಷ್ಟು ಒಣಗಬೇಕು, ಹಸಿ ಇದ್ದಾಗ ಒತ್ತಿದರೆ ಮೇಲೆ ಮಾತ್ರ ಹಿಡಿಯುತ್ತದೆ ಎಂದರು. ಬೀಡಿ ಮುಗಿಯಿತು. ಮೂರು ಪಾದದ ಕಬ್ಬಿಣದ ಅಚ್ಚಿನ ಮೇಲೆ ಶೂ ತೊಡಿಸಿ ಸುತ್ತಿಗೆಯಿಂದ ನಡುವಿನಿಂದ ಅಂಚಿನ ಕಡೆಗೆ ಬಡಿದರು, ಗಾಳಿ ಹೊರಗೆ ಹೋಗಲಿ ಎಂದು.

ಆಮೇಲೆ ಅಟ್ಟೆಯ ಬದಿಗೆ ಸುತ್ತಲೂ ಕತ್ತಿಯ ತುದಿಯಿಂದ ಒಂದು ಸಣ್ಣ ಕಾಲುವೆ ಕೊರೆದರು. ದಾರ ಅದರೊಳಗೆ ಅಡಗಿ ಕೂರಬೇಕು, ಮೇಲೆ ಉಳಿದರೆ ಕಲ್ಲು ತಿನ್ನುತ್ತದೆ. ಮೇಣ ಹಚ್ಚಿದ ನೈಲಾನ್ ದಾರವನ್ನು ಶೂ ಒಳಗೆ ಎಡಗೈಯಲ್ಲಿ ಹಿಡಿದರು. ಹೊರಗಿನಿಂದ ಆರಿ ಚುಚ್ಚಿದರು. ಆರಿಯ ತುದಿಗೆ ಕೊಕ್ಕೆ ಇರುತ್ತದೆ. ಅದು ಒಳಗಿನ ದಾರವನ್ನು ಹಿಡಿದು ಕುಣಿಕೆಯಾಗಿ ಹೊರಗೆ ಎಳೆಯಿತು. ಆ ಕುಣಿಕೆಯೊಳಗೆ ಹೊರಗಿನ ದಾರದ ತುದಿ ತೂರಿಸಿ ಎರಡೂ ಕಡೆಯಿಂದ ಜಗ್ಗಿದರು, ಗಂಟು ರಬ್ಬರಿನ ನಡುವೆ ಹೋಗಿ ಕೂತಿತು. ನನಗೆ ಮೈ ಜುಮ್ಮೆಂದಿತು. ನನ್ನ ಮಷೀನಿನ ಕೆಳಗೆ ಬಾಬಿನ್ ಮಾಡುವ ಕೆಲಸವೇ ಇದು, ಮೇಲಿನ ದಾರ ಕೆಳಗಿನ ದಾರ ಒಂದನ್ನೊಂದು ಹಿಡಿಯುವುದು. ನಾನು ಮದುವೆ ಬ್ಲೌಸಿಗೆ ಮೀಟರುಗಟ್ಟಲೆ ಹಾಕಿಸುವ ಆರಿ ವರ್ಕ್, ಆ ಹೆಸರು ಬಂದದ್ದು ಈ ಉಪಕರಣದಿಂದಲೇ. ಇಷ್ಟು ವರ್ಷ ಆ ಶಬ್ದ ಬಾಯಲ್ಲಿ ಆಡಿದ್ದೇನೆ, ಚಪ್ಪಲಿ ಹೊಲಿಯುವ ಕೈಯಲ್ಲಿ ಆರಿಯನ್ನು ಹತ್ತಿರದಿಂದ ನೋಡಿದ್ದು ಅವತ್ತೇ.

ಟೇಪು ಹಿಡಿದೆ. ಇಂಚಿಗೆ ನಾಲ್ಕೇ ಟಾಕಾ.

"ಕಾಕಾ, ಭಾಳ ದೂರ ದೂರ ಆತಲ್ರಿ?"

"ಹತ್ತ್ಯಾಕ ಹತ್ತ್ಯಾಕ ತೂತು ಹೊಡದ್ರ ರಬ್ಬರ್ ಪೋಸ್ಟಿನ ತಿಕೀಟ ಹರದಂಗ ಹರೀತತಿ ಅಕ್ಕಾರ. ನಿಮ್ಮದು ಬಟ್ಟಿ. ಇದು ಹೊರೂದು."

ಎರಡೂ ಶೂಗೆ ಸುತ್ತಲೂ ಹೊಲಿಗೆ, ಒಂದೂಕಾಲು ತಾಸಿನ ಕೆಲಸ, 150 ರೂಪಾಯಿ. ಒಂದು ಬ್ಲೌಸಿಗೆ 350 ಎಂದರೆ ನನ್ನ ಹತ್ತಿರ ಅರ್ಧ ತಾಸು ಚೌಕಾಸಿ ಮಾಡುವವರನ್ನು ನೆನೆದು ನಾನು ಸುಮ್ಮನೆ 200 ಕೊಟ್ಟು ಬಂದೆ.

ಹೊಲಿಸಿದ ಮೇಲೆ ಒಂದು ನಷ್ಟ ಇದೆ. ಸುತ್ತಲೂ ತೂತು ಬಿದ್ದ ಮೇಲೆ ವಾಟರ್‌ಪ್ರೂಫ್ ಎನ್ನುವುದು ಮುಗಿದ ಕಥೆ. ಮೇಣದ ದಾರ ಮತ್ತು ಮೇಲೆ ಸವರಿದ ಸೊಲ್ಯೂಷನ್ ಇಬ್ಬನಿಯನ್ನು ತಡೆಯುತ್ತವೆ, ನಿಂತ ನೀರನ್ನು ತಡೆಯುವುದಿಲ್ಲ. ನನಗೆ ಇದರ ದುಃಖವಿಲ್ಲ. ನಮ್ಮ ಘಟ್ಟದ ಹಳ್ಳಗಳಲ್ಲಿ ನೀರು ಹೇಗೂ ಮೇಲಿನಿಂದಲೇ ಬರುತ್ತದೆ, ಬಂದದ್ದು ಹೊರಗೆ ಹೋಗಲು ಈಗ ದಾರಿಯಾದರೂ ಇದೆ. ಕಚೇರಿಗೆ ಮಳೆಯಲ್ಲಿ ಹಾಕಿಕೊಂಡು ಹೋಗುವವರಿಗೆ ಈ ಲೆಕ್ಕ ಬೇರೆ.

ಡಿಸೆಂಬರಿನಲ್ಲಿ ಹೊಲಿದ ಶೂ ಹಾಕಿಕೊಂಡು ಅಣಶಿಗೆ ಹೋದೆವು. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಡು, ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಭಾಗ. ಒಂದು ದಿನ ಸೂಪಾ ಅಣೆಕಟ್ಟಿನ ಹಿನ್ನೀರಿನ ದಂಡೆ, ಒಂದು ದಿನ ಅನುಮತಿ ಪಡೆದು ಕಾಡಿನ ಹಾದಿ. ಹಿನ್ನೀರಿನ ದಂಡೆಯಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲು, ಒಣಗಿ ನಿಂತ ಗಿಡಗಳ ಬೊಡ್ಡೆ, ಅವುಗಳ ಮೇಲೆ ರೆಕ್ಕೆ ಬಿಚ್ಚಿ ಒಣಗಿಸುತ್ತ ಕೂತ ನೀರುಕಾಗೆಗಳು. ಸಂತೆ ದಿನ ಹಗ್ಗಕ್ಕೆ ಕರಿ ಸೀರೆ ಒಣಹಾಕಿದಂತೆ. ಇಳಿಜಾರಿನಲ್ಲಿ ಒಣ ಎಲೆ ಮೊಣಕಾಲಿನ ಅರ್ಧದಷ್ಟು, ಅದರ ಕೆಳಗೆ ಕಲ್ಲು ಎಲ್ಲಿದೆ ಕಾಣುವುದಿಲ್ಲ. ಎರಡು ದಿನದಲ್ಲಿ ಇಪ್ಪತ್ತು ಕಿಲೋಮೀಟರ್. ಅಟ್ಟೆ ಅಲುಗಲಿಲ್ಲ. ಸುತಳಿ ಮಾತ್ರ ನಾನು ಚೀಲದಲ್ಲಿ ಬೇರೆ ಸುರುಳಿ ಇಟ್ಟುಕೊಂಡೇ ಹೋಗಿದ್ದೆ, ಹಸಿ ಬಂಡೆ ಬಂದ ಕಡೆ ಕೂತು ಸುತ್ತಿಕೊಂಡೆ. ಹುಡುಗಿ ಮೊದಲು ನಕ್ಕಳು, ಮಧ್ಯಾಹ್ನದ ಹೊತ್ತಿಗೆ ತನಗೂ ಒಂದು ತುಂಡು ಕೇಳಿದಳು.

ಇಳಿಯುವಾಗ ಹೆಬ್ಬೆರಳ ಉಗುರು ಮುಂದಕ್ಕೆ ಬಡಿದು ಕಪ್ಪಾಗುತ್ತದೆ ಎನ್ನುವವರು ಶೂ ಬದಲಿಸುವ ಮೊದಲು ಲೇಸ್ ಬದಲಿಸಿ ನೋಡಿ. ಮೇಲಿನ ಕೊನೆಯ ಎರಡು ತೂತುಗಳ ನಡುವೆ ಒಂದೊಂದು ಬದಿಗೆ ಸಣ್ಣ ಕುಣಿಕೆ ಮಾಡಿ, ಎದುರಿನ ಲೇಸನ್ನು ಅದರೊಳಗೆ ತೂರಿಸಿ ಬಿಗಿದರೆ ಹಿಮ್ಮಡಿ ಹಿಂದೆಯೇ ಕೂರುತ್ತದೆ. ಕಂಪನಿ ಕೊಟ್ಟ ದುಂಡನೆಯ ಲೇಸ್ ತಾನೇ ಬಿಚ್ಚಿಕೊಳ್ಳುತ್ತಿತ್ತು, ಚಪ್ಪಟೆ ಲೇಸ್ ಹಾಕಿದ ಮೇಲೆ ನಿಂತಿತು. ಹತ್ತಿಯ ಕಾಲ್ಚೀಲ ಬೇಡ, ಬೆವರು ಹಿಡಿದು ಬೊಬ್ಬೆ ಏಳಿಸುತ್ತದೆ. ನೆನೆದ ಶೂ ಒಲೆಯ ಮುಂದೆ, ಬಿಸಿಲಿನಲ್ಲಿ ಇಡಬೇಡಿ. ಒಳಗಿನ ಮೆತ್ತೆ ತೆಗೆದು, ಹಳೆ ಪೇಪರು ತುರುಕಿ, ನೆರಳಿನಲ್ಲಿ ಇಟ್ಟು ಎರಡು ಸಲ ಪೇಪರು ಬದಲಿಸಿದರೆ ಒಂದೂವರೆ ದಿನಕ್ಕೆ ಒಣಗುತ್ತದೆ. ಪತ್ರಾಸಿನ ಖೋಲಿಯಂತೂ ಬೇಡವೇ ಬೇಡ.

ಹಾಗಾದರೆ ಕೊಳ್ಳಬಹುದೇ? ಕೊಳ್ಳಬಹುದು, 3,049 ರೂಪಾಯಿಯ ಶೂ ಎಂದು ತಿಳಿದು ಕೊಳ್ಳಿ. 2,899 ಅಂಗಡಿಗೆ, 150 ಹೊಲಿಗೆಗೆ. ನನ್ನ ಐದರಲ್ಲಿ ಐದನ್ನು ಹಿಂದಕ್ಕೆ ತೆಗೆದುಕೊಂಡು ಈಗ ಮೂರು ಕೊಡುತ್ತೇನೆ, ಖಡೇಬಜಾರಿನ ಕೆಲಸಕ್ಕೆ ಬೇರೆ ಐದು. ಈ ವಾರ ತಿರುವಿ ನೋಡಿದರೆ ಎಡ ಶೂ ಕಿರುಬೆರಳ ಹತ್ತಿರ ಒಂದು ಟಾಕಾ ನೂಲು ಬಿಟ್ಟಿದೆ, ಅಕ್ಕಪಕ್ಕದ್ದು ಗಟ್ಟಿಯಿವೆ. ಒಂದು ಹೋದರೆ ಸಾಲು ಬಿಚ್ಚದ ಹೊಲಿಗೆ ಅದು.

ಸೈಜು ಕೇಳುವವರಿಗೆ: ಸಂಜೆ ಹೋಗಿ, ಪಾದ ಆಗ ಸ್ವಲ್ಪ ಊದಿರುತ್ತದೆ, ನಡೆಯುವಾಗಲೂ ಹಾಗೇ ಊದುತ್ತದೆ. ಹಾಕಿಕೊಳ್ಳುವ ಕಾಲ್ಚೀಲ ಜೊತೆಗೆ ಒಯ್ಯಿರಿ. ಎರಡೂ ಪಾದ ಅಳೆಯಿರಿ, ದೊಡ್ಡದಕ್ಕೆ ಹೊಂದುವುದನ್ನು ತೆಗೆದುಕೊಳ್ಳಿ. ನನ್ನದು ಎಡ 24.1 ಸೆಂಟಿಮೀಟರ್, ಮಷೀನು ತುಳಿಯುವ ಬಲಗಾಲು 24.6. ಟೇಪು ನಿಮ್ಮದೇ ಇರಲಿ. ಅಂಗಡಿಯ ಅಳತೆ ಪಟ್ಟಿಯ ಮೇಲೆ ನನ್ನ ಎರಡೂ ಪಾದ ಒಂದೇ ಉದ್ದ ಬಂದಿದ್ದವು.